ಓಶಲಾ: ಒಂದು ‘ರೆ’ ಪ್ರತ್ಯಯದ ಬೆನ್ನು ಹತ್ತಿ

ಕಳೆದ ಮುಂಗಾರಿನ ಆರಂಭದಲ್ಲಿ ಗೋವಾದಿಂದ ನನಗೊಂದು ದೂರವಾಣಿ ಕರೆ ಬಂದಿತು. ಕರೆ ಮಾಡಿದವನು ನಮ್ಮ ಕನ್ನೊಳ್ಳಿಯ ಮಕ್ತಬ್‌ನಲ್ಲಿ ನನ್ನ ಬಳಿ ಕಾಯಿದಾ ಓದಿದ ಹುಡುಗ. ಸಿಂದಗಿ, ಇಂಡಿ ಕಡೆಯ ಅನೇಕ ಯುವಕರಂತೆ ಅವನೂ ಗೌಂಡಿ ಕೆಲಸಕ್ಕೆಂದು ಗೋವಾ ಸೇರಿ ಕೆಲವು ವರ್ಷಗಳಾದವು. ಮಳೆ ಹಿಡಿಯುವ ಮೊದಲು ಹಳೆಯ ಮನೆಯೊಂದರ ಹೆಂಚು ಸರಿಪಡಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಮನೆಯೊಡತಿ ಎಂಬತ್ತರ ಆಸುಪಾಸಿನ ಕ್ರೈಸ್ತ ವೃದ್ಧೆ. ಪೋರ್ಚುಗೀಸರ ಆಳ್ವಿಕೆ 1961ರಲ್ಲಿ ಕೊನೆಗೊಳ್ಳುವ ಮೊದಲು ಅವರ ಶಾಲೆಯಲ್ಲಿ ಓದಿದವರು.

“ಹಜ್ರತ್, ಇಲ್ಲೊಂದು ಸೋಜಿಗ ಐತ್ರಿ. ಅಜ್ಜಿ ಕೊರಳಾಗ ಶಿಲುಬಿ ಐತಿ. ಆದ್ರ ದಿನಾ ಮುಗಿಲು ನೋಡಿ ‘ಓಶಲಾ, ಓಶಲಾ’ ಅಂತಾರ್ರಿ. ನಮ್ಮ ಇನ್ ಶಾ ಅಲ್ಲಾಹ್ ಅಂದಂಗ ಕೇಳಸ್ತೈತಿ. ಅಂಥವರು ಹಂಗ ಯಾಕ ಅಂತಾರ್ರಿ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. “ನೋಡಿ ಹೇಳುತ್ತೇನೆ” ಎಂದೆ. ಅಂದು ರಾತ್ರಿ ಹುಡುಕಲು ಕುಳಿತವನು ಆ ಒಂದು ಪದದ ಜೊತೆಗೆ ಹಲವು ವಾರ ಕಳೆದೆ. ಅದರಿಂದ ನನಗಾದ ಲಾಭವನ್ನೂ, ಅದು ನನ್ನೊಳಗೆ ಕೆದಕಿದ ಹಳೆಯ ಗಾಯವನ್ನೂ ಓದುಗರ ಮುಂದಿಡುವುದಕ್ಕಾಗಿ ಈ ಬರಹ.

ಹುಡುಗನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ‘ಓಶಲಾ’ ಎಂಬುದು ಪೋರ್ಚುಗೀಸ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಪದ. ‘ಹೀಗಾದರೆ ಎಷ್ಟು ಚೆನ್ನ’, ‘ಹಾಗೆಯೇ ಆಗಲಿ’ ಎಂಬುದು ಅದರ ಇಂದಿನ ಅರ್ಥ. ಪದದ ಮುಂದೆ ಬರುವ ಕ್ರಿಯಾಪದ ಸಾಮಾನ್ಯ ರೂಪದಲ್ಲಿರದೆ, ಹಾರೈಕೆಯನ್ನೂ ಸಂದೇಹವನ್ನೂ ಹೇಳುವ ಬೇರೊಂದು ರೂಪವನ್ನು ತಾಳುತ್ತದೆ. ನಮ್ಮ ‘ಬರುತ್ತದೆ’ ಎಂಬುದು ‘ಬರಲಿ’ ಎಂದಾಗುವಂತೆ. ವೈಯಾಕರಣರು ಇದನ್ನು ಭಾವಸೂಚಕ ಅವ್ಯಯಗಳ ಸಾಲಿಗೆ ಸೇರಿಸುತ್ತಾರೆ. ಆದರೆ ಅದರ ಹೊಟ್ಟೆಯೊಳಗೆ ಒಂದು ಪೂರ್ಣ ಅರಬಿ ವಾಕ್ಯವಿದೆ. ಆ ವಾಕ್ಯದ ತಲೆಯ ಮೇಲೆ ಒಂದು ಪುಟ್ಟ ಸಂಬಂಧಾರ್ಥಕಾವ್ಯಯವಿದೆ. ಅಲ್ಲಾಹನು ಇಚ್ಛಿಸಿದರೆ ಎಂಬಲ್ಲಿಯ ಕೊನೆಯ ‘ರೆ’ ಅದು.

ಕ್ರಿ.ಶ. 711ರಲ್ಲಿ ತಾರಿಕ್ ಬಿನ್ ಝಿಯಾದ್‌ರ ಸೇನೆ ಸಮುದ್ರ ದಾಟಿ ಇಂದಿನ ಸ್ಪೇನ್‌ನ ದಂಡೆಗಿಳಿಯಿತು. ಅಂದಿನಿಂದ ಇಂದಿನ ಪೋರ್ಚುಗಲ್‌ನ ದೊಡ್ಡ ಭಾಗವೂ ಶತಮಾನಗಳ ಕಾಲ ಅಂದಲುಸ್‌ನ ಭಾಗವಾಗಿತ್ತು. ಲಿಸ್ಬನ್ ನಗರ 1147ರಲ್ಲಿ ಕ್ರೈಸ್ತ ದೊರೆಯ ಕೈಸೇರಿತು, ದಕ್ಷಿಣದ ಫಾರೋ ಪಟ್ಟಣ 1249ರಲ್ಲಿ. ಆ ದಕ್ಷಿಣ ಭಾಗವನ್ನು ಪೋರ್ಚುಗೀಸರು ಈಗಲೂ ‘ಅಲ್ಗಾರ್ವ್’ ಎನ್ನುತ್ತಾರೆ. ಅದು ಅರಬಿಯ ‘ಅಲ್ ಗರ್ಬ್’, ಅಂದರೆ ಪಶ್ಚಿಮ. ರಾಜ್ಯ ಹೋದರೂ ಪದಗಳು ಹೋಗಲಿಲ್ಲ. ಆಲಿವ್ ಎಣ್ಣೆಗೆ ಅವರು ‘ಅಝೈತ್’ ಎನ್ನುವುದು ಅರಬಿಯ ‘ಅಝ್ಝೈತ್’ನಿಂದ. ದರ್ಜಿಗೆ ‘ಅಲ್ಫಯಾತ್’ ಎನ್ನುವುದು ‘ಅಲ್ ಖಯ್ಯಾತ್’ನಿಂದ. ಹಳ್ಳಿಗೆ ‘ಅಲ್ದೈಯ’ ಎನ್ನುವುದು ‘ಅದ್ದೈಅ’ದಿಂದ. ನಿಂಬೆಗೆ ಅವರು ಹೇಳುವ ‘ಲಿಮಾಂವ್’ ಕೂಡ ಅರಬಿಯ ‘ಲೈಮೂನ್’ ಮೂಲಕ ಹೋದದ್ದೇ. ಇಂಡಿಯ ನಿಂಬೆ ಬೆಳೆಗಾರರು ಇದನ್ನು ಕೇಳಿದರೆ ಸಂತೋಷಪಟ್ಟಾರು.

ಅಕ್ಕಿ, ಎಣ್ಣೆ, ಸಕ್ಕರೆಗಳ ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವುದು ಆಶ್ಚರ್ಯವಲ್ಲ. ಅವು ಮೂಟೆಗಳ ಜೊತೆ ಹಡಗನ್ನೇರಿ ಹೋಗುತ್ತವೆ. ಆದರೆ ‘ಅಲ್ಲಾಹನು ಇಚ್ಛಿಸಿದರೆ’ ಎಂಬುದು ಯಾವ ಮೂಟೆಯಲ್ಲಿ ಹೋಯಿತು? ನೆರೆಮನೆಯ ಮುಸ್ಲಿಮನು ದಿನಕ್ಕೆ ಹತ್ತು ಬಾರಿ ಅದನ್ನು ಹೇಳುವುದನ್ನು ಕೇಳಿಸಿಕೊಂಡ ಕ್ರೈಸ್ತನೊಬ್ಬನು ತನಗರಿವಿಲ್ಲದೆಯೇ ಅದನ್ನು ತನ್ನ ನಾಲಗೆಗೆ ತಂದುಕೊಂಡಿರಬೇಕು. ಆ ನೆರೆಯವನ ಮಾತಿನಲ್ಲಿ ತೂಕವಿದ್ದಿರಬೇಕು ಎಂದು ನನಗನಿಸುತ್ತದೆ. ಇದು ನನ್ನ ಊಹೆಯಷ್ಟೆ.

ಸ್ಪ್ಯಾನಿಷರು ಇದೇ ಪದವನ್ನು ‘ಓಹಲಾ’ ಎನ್ನುತ್ತಾರೆ. ಹಿಂದೆ ಅವರಲ್ಲಿಯೂ ‘ಶ’ ಧ್ವನಿಯೇ ಇತ್ತು, ಕಾಲಾಂತರದಲ್ಲಿ ಅದು ಗಂಟಲಿಗಿಳಿಯಿತು. ಪೋರ್ಚುಗೀಸರು ‘ಶ’ವನ್ನು ಉಳಿಸಿಕೊಂಡರು. ಆದುದರಿಂದಲೇ ಕನ್ನೊಳ್ಳಿಯ ಹುಡುಗನಿಗೆ ಅದು ಪರಿಚಿತವಾಗಿ ಕೇಳಿಸಿತು. (ಬ್ರೆಜಿಲ್‌ನಲ್ಲಿ ಆಫ್ರಿಕಾ ಮೂಲದ ಒಂದು ದೇವತೆಗೂ ಇದೇ ಉಚ್ಚಾರದ ಹೆಸರಿದೆ. ಅದು ಯೊರುಬಾ ಭಾಷೆಯ ಪದ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಎರಡನ್ನೂ ಕಲಸಿ ಹೇಳಿದರೆ ನಂಬಬೇಡಿ.)

ಇಲ್ಲಿಂದ ಮುಂದೆ ವಿಷಯ ನಾನು ಎಣಿಸಿದಷ್ಟು ಸರಳವಾಗಿರಲಿಲ್ಲ. ‘ಓಶಲಾ’ ಎಂಬುದು ‘ಇನ್ ಶಾ ಅಲ್ಲಾಹ್’ನಿಂದ ಬಂದಿತೆಂದು ಹಲವರು ಹೇಳುತ್ತಾರೆ. ಆದರೆ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅದರ ಮೂಲವನ್ನು ಅಂದಲುಸ್‌ನ ಆಡುಮಾತಿನ ‘ಲೌ ಶಾ ಅಲ್ಲಾಹ್’ ಎಂದು ಕೊಡುತ್ತದೆ. ಮೊದಲಕ್ಷರದ ‘ಓ’ ಕಾರವು ‘ಇನ್’ಗಿಂತ ‘ಲೌ’ಗೆ ಹತ್ತಿರವೆಂಬುದು ಕಿವಿಗೇ ತಿಳಿಯುತ್ತದೆ. ‘ಇನ್’ ಆದರೇನು, ‘ಲೌ’ ಆದರೇನು, ಎರಡೂ ‘ರೆ’ ತಾನೇ ಎಂದು ಓದುಗರು ಕೇಳಬಹುದು. ನಹ್ವ್ ಮೀರ್, ಹಿದಾಯತುನ್ನಹ್ವ್ ಓದಿದವನಿಗೆ ಅದು ಸಣ್ಣ ವಿಷಯವಲ್ಲ.

ಮದ್ರಸಾದಲ್ಲಿ ನಮ್ಮ ಉಸ್ತಾದರು ಶರ್ತ್‌ನ ಪದಗಳನ್ನು ಕಲಿಸುವಾಗ ಉರ್ದುವಿನಲ್ಲಿ ವಿವರಿಸುತ್ತಿದ್ದರು. ಎರಡಕ್ಕೂ ಉರ್ದುವಿನಲ್ಲಿ ‘ಅಗರ್’ ಒಂದೇ. ನಾವು ತಲೆಯಾಡಿಸುತ್ತಿದ್ದೆವು, ವ್ಯತ್ಯಾಸ ಮನಸ್ಸಿಗಿಳಿಯುತ್ತಿರಲಿಲ್ಲ. ಮುಂದೆ ನಾನು ಕನ್ನಡದಲ್ಲಿ ಬಿ.ಎ. ಮಾಡುವಾಗ, ವ್ಯಾಕರಣದ ತರಗತಿಯಲ್ಲಿ ಪಕ್ಷಾರ್ಥಕ ರೂಪಗಳ ಪಾಠ ನಡೆದಿದ್ದಾಗ, ಅದು ಥಟ್ಟನೆ ಹೊಳೆಯಿತು. ‘ಮಳೆ ಬಂದರೆ ಬಿತ್ತುತ್ತೇನೆ’ ಎನ್ನುವುದು ‘ಇನ್’. ಬಾಗಿಲು ತೆರೆದಿದೆ, ಮಳೆ ಬರಲೂಬಹುದು, ಬಾರದಿರಲೂಬಹುದು. ‘ಮಳೆ ಬಂದಿದ್ದರೆ ಬಿತ್ತುತ್ತಿದ್ದೆ’ ಎನ್ನುವುದು ‘ಲೌ’. ಬಾಗಿಲು ಮುಚ್ಚಿದೆ, ಮಳೆ ಬರಲಿಲ್ಲ. ಅದು ಆಗಲಿಲ್ಲವಾದ್ದರಿಂದ ಇದೂ ಆಗಲಿಲ್ಲ ಎಂದು ಹೇಳುವ ಪದ ‘ಲೌ’ ಎಂದೇ ಅರಬಿ ವೈಯಾಕರಣರು ಅದನ್ನು ವಿವರಿಸುತ್ತಾರೆ. ಹತ್ತು ವರ್ಷ ತಲೆಗೆ ಹತ್ತದ ಪಾಠವನ್ನು ‘ಇದ್ದ’ ಎಂಬ ಕನ್ನಡದ ಎರಡಕ್ಷರ ಬಿಡಿಸಿಕೊಟ್ಟಿತು. ಮಕ್ಕಳಿಗೆ ಅರಬಿಯನ್ನು ತಾಯ್ನೆಲದ ಭಾಷೆಯ ಮೂಲಕ ಕಲಿಸಬೇಕೆಂದು ನಾನು ಅಂದಿನಿಂದಲೂ ಹೇಳುತ್ತಾ ಬಂದಿದ್ದೇನೆ. ಕೇಳುವವರು ಕಡಿಮೆ.

ಕುರ್‌ಆನಿನಲ್ಲಿ ಎರಡೂ ಇವೆ. ನಿನ್ನ ಪ್ರಭು ಇಚ್ಛಿಸಿದ್ದರೆ ಭೂಮಿಯಲ್ಲಿರುವವರೆಲ್ಲರೂ ವಿಶ್ವಾಸವಿರಿಸುತ್ತಿದ್ದರು ಎಂಬರ್ಥದ ಸೂರಃ ಯೂನುಸ್‌ನ 99ನೆಯ ವಚನದಲ್ಲಿರುವುದು ‘ಲೌ’. ಅವನು ಹಾಗೆ ಇಚ್ಛಿಸಲಿಲ್ಲ, ಆಯ್ಕೆಯನ್ನು ಮನುಷ್ಯನಿಗೆ ಬಿಟ್ಟನು. ಸೂರಃ ಅಲ್‌ಫತ್ಹ್‌ನ 27ನೆಯ ವಚನದಲ್ಲಿ ವಿಶ್ವಾಸಿಗಳು ಮಸ್ಜಿದುಲ್ ಹರಾಮ್‌ಅನ್ನು ನಿರ್ಭಯರಾಗಿ ಪ್ರವೇಶಿಸುವರೆಂದು ವಾಗ್ದಾನವಿರುವಲ್ಲಿ ಅಲ್ಲಾಹನೇ ‘ಇನ್ ಶಾ ಅಲ್ಲಾಹ್’ ಎನ್ನುತ್ತಾನೆ. ಕಬರಸ್ತಾನದಲ್ಲಿ ಹೇಳಬೇಕೆಂದು ಪ್ರವಾದಿ(ಸ) ಕಲಿಸಿದ ಸಲಾಮ್‌ನಲ್ಲಿಯೂ, ನಾವೂ ನಿಮ್ಮನ್ನು ಸೇರುವವರು ಎನ್ನುವಾಗ ಅದೇ ಮಾತಿದೆ. ಮರಣಕ್ಕಿಂತ ಖಚಿತವಾದುದು ಯಾವುದಿದೆ? ಅಲ್ಲಿಯೂ ‘ಇನ್’. ಅಂದಮೇಲೆ ಈ ಪದ ಸಂದೇಹದ ಗುರುತಲ್ಲ.

ಇನ್ನು ‘ಓಶಲಾ’ ನಮ್ಮ ಬಾಗಿಲಿಗೆ ಬಂದ ಬಗೆ. ಅದು ನೆಮ್ಮದಿಯ ಕಥೆಯಲ್ಲ. 1496ರ ಕೊನೆಯಲ್ಲಿ ಪೋರ್ಚುಗಲ್‌ನ ದೊರೆ ಮನುವೆಲ್ ತನ್ನ ರಾಜ್ಯದ ಯಹೂದಿಯರೂ ಮುಸ್ಲಿಮರೂ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಅದೇ ದೊರೆಯ ಆಳ್ವಿಕೆಯಲ್ಲಿ ವಾಸ್ಕೋ ಡ ಗಾಮಾ ಮಲಬಾರಿನ ದಂಡೆಗೆ ಬಂದದ್ದು, ಅದೇ ದೊರೆಯ ಹೆಸರಿನಲ್ಲಿ ಅಫೊನ್ಸೊ ಡ ಅಲ್ಬುಕರ್ಕ್ ಗೋವಾವನ್ನು ಹಿಡಿದದ್ದು. ಆಗ ಗೋವಾ ನಮ್ಮ ಬಿಜಾಪುರದ ಆದಿಲ್‌ಶಾಹಿಗಳದ್ದು. 1510ರ ಆರಂಭದಲ್ಲಿ ಒಮ್ಮೆ ಹಿಡಿದು, ಕಳೆದುಕೊಂಡು, ನವೆಂಬರ್ 25ರಂದು ಅಲ್ಬುಕರ್ಕ್ ಅದನ್ನು ಮತ್ತೆ ವಶಪಡಿಸಿಕೊಂಡನು. ಆ ಬಳಿಕ ಪಟ್ಟಣದ ಮುಸ್ಲಿಮರನ್ನು ಕೊಂದುದನ್ನು ಅವನು ತನ್ನ ದೊರೆಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಒಂದನೆಯ ಅಲಿ ಆದಿಲ್‌ಶಾಹ್ 1570ರಲ್ಲಿ ಗೋವಾಕ್ಕೆ ಮುತ್ತಿಗೆ ಹಾಕಿದರೂ ಅದು ಮರಳಿ ಬರಲಿಲ್ಲ.

ಮುಸ್ಲಿಮರನ್ನು ತಮ್ಮ ನೆಲದಿಂದ ಹೊರಹಾಕಿದವರು ಮುಸ್ಲಿಮರ ಮಾತನ್ನು ಹೊರಹಾಕಲಾಗಲಿಲ್ಲ. ಅದನ್ನು ಬಾಯಲ್ಲಿಟ್ಟುಕೊಂಡೇ ಅವರು ಕಡಲು ದಾಟಿ ಬಂದರು. ಇದನ್ನು ಗೆಲುವೆಂದು ಹೇಳಿ ಬೀಗುವವರನ್ನು ನಾನು ಕಂಡಿದ್ದೇನೆ. ಕೊಲೆಯಾದವರಿಗೆ ಆ ಪದದಿಂದ ಏನು ದೊರೆಯಿತು? ನಾನು ಬೀಗಲಾರೆ. ಆದರೆ ಐನೂರು ವರ್ಷಗಳ ಬಳಿಕ, ಅದೇ ಬಿಜಾಪುರ ಸೀಮೆಯ ಬಡ ಹುಡುಗನೊಬ್ಬನು ಅದೇ ಗೋವಾದಲ್ಲಿ ಮುದುಕಿಯೊಬ್ಬಳ ಮನೆಗೆ ಹೆಂಚು ಹೊದಿಸುತ್ತಾ ಆ ಪದವನ್ನು ಗುರುತಿಸಿ ನಕ್ಕನಲ್ಲ, ಅದು ಮಾತ್ರ ನನಗೆ ಹಿತವೆನಿಸಿತು. ನಾವೂ ಅವರಿಂದ ಪಡೆದದ್ದಿದೆ. ವಿಜಯಪುರದ ಸಂತೆಯಲ್ಲಿ ‘ಬಟಾಟಿ’ ಕೊಳ್ಳುವವರು, ತಿಂಗಳ ಕೊನೆಗೆ ‘ಪಗಾರ’ ಎಣಿಸುವವರು, ಮನೆಯ ‘ಚಾವಿ’ ಹುಡುಕುವವರು ಪೋರ್ಚುಗೀಸ್ ಮಾತನ್ನೇ ಆಡುತ್ತಿರುತ್ತಾರೆ.

ಪಗಾರ ಎಂದೊಡನೆ ನನ್ನದೊಂದು ನಾಚಿಕೆಗೇಡಿನ ಪ್ರಸಂಗ ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ನನ್ನ ಪಗಾರ ತಿಂಗಳುಗಟ್ಟಲೆ ತಡವಾದಾಗ ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆದಿತ್ತು. ಅಂಗಡಿಯವರು ವಯಸ್ಸಿನಲ್ಲಿ ಹಿರಿಯರು, ಲಿಂಗಾಯತರು, ನನ್ನ ತಂದೆಯ ಗೆಳೆಯರು. ಕೇಳಿದಾಗಲೆಲ್ಲ ನಾನು, “ಕಾಕಾ, ಬರೋ ಸೋಮವಾರ, ಇನ್ ಶಾ ಅಲ್ಲಾಹ್” ಎನ್ನುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಸೋಮವಾರ ಅವರು ಲೆಕ್ಕದ ವಹಿ ಮುಚ್ಚಿ ಹೇಳಿದರು: “ಮಾಸ್ತರ, ರೊಕ್ಕ ಯಾವಾಗರೆ ಕೊಡ್ರಿ. ಆದ್ರ ಆ ಮಾತು ಹೇಳಬ್ಯಾಡ್ರಿ. ಅದನ್ನ ಅಂದ್ರ ಈ ಸಲಾನೂ ಇಲ್ಲ ಅಂತ ನನಗ ಗೊತ್ತಾಗತೈತಿ. ದೇವರ ಹೆಸರು ಯಾಕ ಸಾಲದಾಗ ತರ್ತೀರಿ?”

ಅವರು ಕಟುವಾಗಿ ಹೇಳಲಿಲ್ಲ. ಅದರಿಂದಲೇ ಆ ಮಾತು ಆಳಕ್ಕೆ ನಾಟಿತು. ಅಂದಲುಸ್‌ನ ಮುಸ್ಲಿಮನ ಬಾಯಿಂದ ಕ್ರೈಸ್ತನು ಅದೇ ಮಾತನ್ನು ಕೇಳಿ ಹಾರೈಕೆಯಾಗಿ ಉಳಿಸಿಕೊಂಡನು. ನನ್ನ ಬಾಯಿಂದ ಅದನ್ನು ಕೇಳಿದ ನೆರೆಯವರಿಗೆ ಅದರ ಅರ್ಥ ‘ಇಲ್ಲ’ ಎಂದಾಗಿತ್ತು.

ಈ ಸಡಿಲಿಕೆ ಎಲ್ಲಿಂದ ಬಂದಿತು? ಒಂದು ಕಾರಣ ಫಿಕ್ಹ್‌ನಲ್ಲಿಯೂ ಇದೆ. ಆಣೆ ಮಾಡುವಾಗ ಜೊತೆಗೇ ‘ಇನ್ ಶಾ ಅಲ್ಲಾಹ್’ ಎಂದವನು ಆಣೆ ಈಡೇರಿಸದಿದ್ದರೂ ಪ್ರಾಯಶ್ಚಿತ್ತ ಬೇಕಿಲ್ಲ ಎಂಬ ನಿಯಮವಿದೆ. ಅದಕ್ಕೆ ಹದೀಸ್‌ನ ಆಧಾರವೂ ಇದೆ. ಇದನ್ನು ‘ಇಸ್ತಿಸ್ನಾ’ ಎನ್ನುತ್ತಾರೆ. ಅದು ಮನುಷ್ಯನ ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ. ಅದನ್ನು ನಾವು ಹಿಂಬಾಗಿಲು ಮಾಡಿಕೊಂಡೆವು. ಸೂರಃ ಅಲ್‌ಕಹ್ಫ್‌ನ 23 ಮತ್ತು 24ನೆಯ ವಚನಗಳು, ನಾಳೆ ಇದನ್ನು ಮಾಡುತ್ತೇನೆಂದು ಹೇಳುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸದೆ ಹೇಳಬಾರದೆಂದು ಆದೇಶಿಸುತ್ತವೆ. ಇದರ ಹಿನ್ನೆಲೆಯನ್ನು ಸೀರಾ ಗ್ರಂಥಕಾರ ಇಬ್ನ್ ಇಸ್‌ಹಾಕ್ ತಿಳಿಸುತ್ತಾರೆ. ಗುಹಾವಾಸಿಗಳ ಬಗ್ಗೆ ಕುರೈಶರು ಕೇಳಿದ ಪ್ರಶ್ನೆಗೆ ನಾಳೆ ಉತ್ತರಿಸುವೆನೆಂದು ಪ್ರವಾದಿ(ಸ) ಹೇಳಿದರು, ಆ ಮಾತನ್ನು ಸೇರಿಸಲಿಲ್ಲ. ಹದಿನೈದು ದಿನ ವಹೀ ಬರಲಿಲ್ಲ. ಆ ಹದಿನೈದು ದಿನಗಳಲ್ಲಿ ಮಕ್ಕಾದ ಬೀದಿಗಳಲ್ಲಿ ಎದ್ದ ಕುಹಕವನ್ನು ಊಹಿಸಿಕೊಳ್ಳಿ. ಸೂರಃ ಅಲ್‌ಕಲಮ್‌ನ ತೋಟದ ಒಡೆಯರು ಬೆಳಗಾಗುತ್ತಲೇ ಹಣ್ಣು ಕೊಯ್ಯುವೆವೆಂದು ಆಣೆಯಿಟ್ಟರು, ಇಸ್ತಿಸ್ನಾ ಮಾಡಲಿಲ್ಲ, ಬಡವರಿಗೆ ಪಾಲು ಕೊಡಬಾರದೆಂದು ಪಿಸುಮಾತಿನಲ್ಲಿ ನಡೆದರು. ಅವರು ತಲುಪುವಷ್ಟರಲ್ಲಿ ತೋಟವೇ ಇರಲಿಲ್ಲ. ಇಂಡಿ ಭಾಗದಲ್ಲಿ ಒಂದೇ ರಾತ್ರಿಯ ಆಲಿಕಲ್ಲಿಗೆ ತೋಟ ಕಳೆದುಕೊಂಡ ರೈತನಿಗೆ ಈ ವಚನಗಳಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಆ ಸಾಲವನ್ನು ನಾನು ತೀರಿಸಿದೆ. ಬುದ್ಧಿ ಮಾತ್ರ ಪೂರ್ತಿ ಬರಲಿಲ್ಲ. ಅದಕ್ಕಿಂತ ದೊಡ್ಡ ಬೆಲೆ ಮುಂದೆ ತೆರಬೇಕಾಯಿತು.

ಒಂದು ಮಾರ್ಚ್ ತಿಂಗಳಲ್ಲಿ ಅಬ್ಬಾ ಎರಡು ದಿನದಿಂದ ಎದೆ ಭಾರವೆನ್ನುತ್ತಿದ್ದರು. ನನಗೆ ಅಂದು ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಿತ್ತು. ಬೇರೊಬ್ಬರನ್ನು ಒಪ್ಪಿಸಬಹುದಾಗಿತ್ತು, ಒಪ್ಪಿಸಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಅಬ್ಬಾ, ನಾಳೆ ವಿಜಯಪುರಕ್ಕೆ ಹೋಗೋಣ, ಇನ್ ಶಾ ಅಲ್ಲಾಹ್” ಎಂದೆ. ಅವರು ಹೂಂಗುಟ್ಟಿದರು. ಅಂದು ಅಸರ್‌ನ ಬಳಿಕ ಮನೆಯಿಂದ ಕರೆ ಬಂದಿತು. ನಾನು ತಲುಪಿದಾಗ ಅವರ ಮುಖಕ್ಕೆ ಬಿಳಿಯ ಬಟ್ಟೆ ಹೊದಿಸಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ‘ಲೌ’ ನೆಲೆಸಿತು. ಅಮ್ಮಿ ರೊಟ್ಟಿ ಬಡಿಯುತ್ತಾ ಕೈ ನಿಲ್ಲಿಸಿ, “ಏಕ್ ದಿನ್ ಪೈಲೆ ಲೇಕೆ ಗಯೇ ರಹತೇ ತೋ...” ಎನ್ನುವರು. ಒಂದು ದಿನ ಮೊದಲೇ ಕರೆದೊಯ್ದಿದ್ದರೆ. ವಾಕ್ಯವನ್ನು ಎಂದೂ ಮುಗಿಸುತ್ತಿರಲಿಲ್ಲ. ನನ್ನನ್ನು ದೂರುತ್ತಲೂ ಇರಲಿಲ್ಲ. ನನ್ನ ತಲೆಯೊಳಗೆ ಅದು ಕನ್ನಡದಲ್ಲಿ ನಡೆಯುತ್ತಿತ್ತು: ರಜೆ ಹಾಕಿದ್ದರೆ, ಹಿಂದಿನ ದಿನವೇ ಹೋಗಿದ್ದರೆ, ಇದ್ದರೆ, ಇದ್ದರೆ. ತರಗತಿಯಲ್ಲಿ ಪಕ್ಷಾರ್ಥಕ ರೂಪಗಳನ್ನು ಬೋಧಿಸುವ ಪಾಠ ಬಂದರೆ ನಾಲಗೆ ತಡವರಿಸುತ್ತಿತ್ತು.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ ಹದೀಸ್ ನನಗೆ ಬಾಯಿಪಾಠವಿತ್ತು. ವಿಪತ್ತು ಬಂದಾಗ ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎನ್ನಬೇಡ, ಇದು ಅಲ್ಲಾಹನ ನಿರ್ಣಯ, ಅವನು ಇಚ್ಛಿಸಿದ್ದನ್ನು ಮಾಡಿದನು ಎನ್ನು, ಏಕೆಂದರೆ ‘ಲೌ’ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬುದು ಅದರ ತಾತ್ಪರ್ಯ. ಜನಾಝಾದಲ್ಲಿ ಅನೇಕರು ನನಗೆ ಅದನ್ನೇ ಹೇಳಿ ಸಮಾಧಾನಪಡಿಸಿದರು. ನನಗೆ ಸಮಾಧಾನವಾಗಲಿಲ್ಲ. ಏಕೆಂದರೆ ಅವರೆಲ್ಲರೂ ಹದೀಸ್‌ನ ಉತ್ತರಾರ್ಧವನ್ನು ಹೇಳುತ್ತಿದ್ದರು. ಅದರ ಪೂರ್ವಾರ್ಧದಲ್ಲಿ, ನಿನಗೆ ಪ್ರಯೋಜನವಾಗುವುದಕ್ಕೆ ಹಂಬಲಿಸಿ ಶ್ರಮಿಸು, ಅಲ್ಲಾಹನ ನೆರವು ಬೇಡು, ಕೈಚೆಲ್ಲಬೇಡ ಎಂಬ ಆಜ್ಞೆಯಿದೆ. ಮೊದಲ ಅರ್ಧವನ್ನು ಪಾಲಿಸಿದವನಿಗೆ ಎರಡನೆಯ ಅರ್ಧ ಮುಲಾಮು. ನಾನು ‘ಇನ್’ ಅನ್ನು ಹಗುರವಾಗಿ ಎಸೆದು ಹೋದವನು, ‘ಲೌ’ ನನ್ನನ್ನು ಹಿಡಿದುಕೊಂಡಿತು.

ಸಹೀಹುಲ್ ಬುಖಾರಿಯಲ್ಲಿ ಹಂಬಲಗಳ ಬಗ್ಗೆಯೇ ಒಂದು ಗ್ರಂಥಭಾಗವಿದೆ, ಕಿತಾಬುತ್ತಮನ್ನೀ. ಅದರಲ್ಲಿ ‘ಲೌ’ ಪದದ ಯಾವ ಬಳಕೆ ಅನುಮತಿಸಲ್ಪಟ್ಟಿದೆ ಎಂಬ ಅಧ್ಯಾಯವನ್ನು ಇಮಾಮ್ ಬುಖಾರಿ(ರಹ್) ಪ್ರತ್ಯೇಕವಾಗಿ ಇರಿಸಿದ್ದಾರೆ. ಓದಿದ ದಿನಗಳಲ್ಲಿ ನಾನು ಅದನ್ನು ವೇಗವಾಗಿ ದಾಟಿ ಹೋಗಿದ್ದೆ. ಓಶಲಾದ ಬೆನ್ನು ಹತ್ತಿದಾಗ ಮತ್ತೆ ತೆರೆದೆ. ಹಜ್ಜತುಲ್ ವದಾದಲ್ಲಿ ಪ್ರವಾದಿ(ಸ) ಸ್ವತಃ, ಈಗ ತಿಳಿದದ್ದು ನನಗೆ ಮೊದಲೇ ತಿಳಿದಿದ್ದರೆ ಬಲಿಪ್ರಾಣಿಯನ್ನು ಜೊತೆಗೆ ತರುತ್ತಿರಲಿಲ್ಲ ಎಂಬರ್ಥದ ಮಾತನಾಡಿದ್ದಾರೆ. ಅಲ್ಲಿರುವುದೂ ‘ಲೌ’. ಇದರಿಂದ ವಿದ್ವಾಂಸರು ತಿಳಿಸುವ ವ್ಯತ್ಯಾಸವಿಷ್ಟು: ನಿರ್ಣಯದೊಡನೆ ಜಗಳಕ್ಕಿಳಿಯುವ ‘ಲೌ’ ನಿಷಿದ್ಧ, ಒಳಿತನ್ನು ಹಂಬಲಿಸುವ, ಇತರರಿಗೆ ದಾರಿ ತೋರಿಸುವ ‘ಲೌ’ ನಿಷಿದ್ಧವಲ್ಲ.

ಅಂದಲುಸ್‌ನ ಜನರು ‘ಲೌ ಶಾ ಅಲ್ಲಾಹ್’ ಎಂದಿದ್ದರೆ, ಅದು ಈ ಎರಡನೆಯ ಬಗೆಯದ್ದೇ ಇರಬೇಕು. ಕೈಗೆಟುಕದುದರ ಹಂಬಲ. ನಾನು ಇದನ್ನೆಲ್ಲ ಅಮ್ಮಿಗೆ ಒಂದು ಸಂಜೆ ವಿವರಿಸಿದೆ, ವ್ಯಾಕರಣ ಬಿಟ್ಟು. ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದರು: “ಅದಕ್ಕ ನೀನು ಎದುರುಮನಿ ರಸೂಲನ್ನ ಅವತ್ತ ರಾತ್ರೀನ ದವಾಖಾನಿಗೆ ಕರ್ಕೊಂಡು ಹೋದಿ?” ನೆರೆಯ ಹುಡುಗನಿಗೆ ಜ್ವರ ನೆತ್ತಿಗೇರಿದಾಗ, ನಾಳೆ ನೋಡೋಣವೆಂದು ಅವರ ಮನೆಯವರು ಹೇಳುತ್ತಿದ್ದಂತೆಯೇ ನಾನು ಬೈಕ್ ಹೊರತೆಗೆದಿದ್ದೆ. ನನಗದು ನೆನಪೇ ಇರಲಿಲ್ಲ.

ಈಗ ಮಕ್ತಬ್‌ನಲ್ಲಿ ಮಕ್ಕಳಿಗೆ ಈ ಮಾತನ್ನು ಹಲಗೆಯ ಮೇಲೆ ಬರೆಸುವಾಗ ‘ಇನ್’ ಅನ್ನು ‘ಶಾ’ದಿಂದ ಬಿಡಿಸಿ ಬರೆಯಿರೆಂದು ಒತ್ತಾಯಿಸುತ್ತೇನೆ. ಕೂಡಿಸಿ ಬರೆದರೆ ಅರಬಿಯಲ್ಲಿ ಅದು ‘ಇನ್‌ಶಾ’ ಎಂಬ ನಾಮಪದವಾಗಿ, ಸೃಷ್ಟಿಸುವುದು ಎಂಬ ಬೇರೆಯೇ ಅರ್ಥ ಕೊಡುತ್ತದೆ. ಮಕ್ಕಳಿಗೆ ಇದು ಬೇಸರದ ನಿಯಮ. ಮೊಬೈಲ್‌ನಲ್ಲಿ ಎಲ್ಲರೂ ಕೂಡಿಸಿಯೇ ಬರೆಯುತ್ತಾರಲ್ಲ ಎಂದು ವಾದಿಸುತ್ತಾರೆ.

ಗೋವಾದ ಹುಡುಗನಿಗೆ ಉತ್ತರ ಹೇಳಲು ನಾನು ಕರೆ ಮಾಡುವ ಹೊತ್ತಿಗೆ ಹೆಂಚಿನ ಕೆಲಸ ಮುಗಿದಿತ್ತು. ಪದದ ಕಥೆಯನ್ನು ಅವನು ಅಜ್ಜಿಗೂ ಹೇಳಿದನಂತೆ. ಅವರಿಗೆ ಗೊತ್ತಿರಲಿಲ್ಲವಂತೆ. ಎರಡು ಬಾರಿ ‘ಅಲ್ಲಾಹ್’ ಎಂದು ನಿಧಾನವಾಗಿ ಉಚ್ಚರಿಸಿ ನೋಡಿ, ಚಹಾ ತರಲು ಒಳಗೆ ಹೋದರಂತೆ.

“ಬಕ್ರೀದಿಗೆ ಊರಿಗೆ ಬರ್ತೀನ್ರಿ ಹಜ್ರತ್, ಇನ್ ಶಾ ಅಲ್ಲಾಹ್” ಎಂದನು.

“ಟಿಕೀಟ ತಗಿಸಿಯೇನು?” ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ನಗು. “ಇವತ್ತ ಸಂಜೀಕ ತಗಸ್ತೀನ್ರಿ.”

ಮಗ್ರಿಬ್‌ನ ಬಳಿಕ ಟಿಕೆಟ್‌ನ ಚಿತ್ರ ನನ್ನ ಮೊಬೈಲಿಗೆ ಬಂದಿತ್ತು.